ಅಪ್ಪ ತೊದಲಿದ ಮೇಲೆ

ನಮ್ಮಮ್ಮ ನನ್ನನ್ನು ಕರೆಯಬೇಕಾದರೆ ನೆಲಕ್ಕೆ ಕಾಲು ಅಪ್ಪಳಿಸುತ್ತಾಳೆ. ಒಂದು ಸಲವಾದರೆ ಬಾ ಎಂದು, ಎರಡು ಸಲವಾದರೆ ಬೇಗ ಬಾ ಎಂದು. ಬೀದಿಯಲ್ಲಾದರೆ ಹಿಂದಿನಿಂದ ಓಡಿಬಂದು ಬೆನ್ನಿಗೊಂದು ಗುದ್ದು ಕೊಡುತ್ತಾಳೆ. ಅಪ್ಪನನ್ನೂ ಹೀಗೆಯೇ ಕರೆಯುತ್ತಿದ್ದಳು. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನನಗೆ ಕೇಳುತ್ತದೆ, ಆದರೆ ಅಭ್ಯಾಸ ಎಲ್ಲಿಗೆ ಹೋಗುತ್ತದೆ. ಆ ಸಂಜೆ ಅವಳು ಬಿಡದೆ ಅಪ್ಪಳಿಸುತ್ತಿದ್ದಳು. ಹಾಲು ಉಕ್ಕಿತೇನೋ ಎಂದು ನಾನು ಮೊದಲು ಅಡುಗೆಮನೆಗೇ ಓಡಿದೆ.

ಹಾಲು ಉಕ್ಕಿರಲಿಲ್ಲ. ಅಮ್ಮ ನಡುಮನೆಯಲ್ಲಿ, ಅರ್ಧ ಕತ್ತರಿಸಿದ ರವಿಕೆ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಪರದೆ ನೋಡುತ್ತಾ ಕೂತಿದ್ದಳು. ಪರದೆಯ ಮೇಲೆ ಅಪ್ಪ ಇದ್ದ. ಅಪ್ಪ ಹೋಗಿ ಕೆಲವು ವರ್ಷಗಳಾಗಿವೆ. ಸಂಜೆ ಹೊಲಿಗೆಗೆ ಕೂತಾಗ ಅಮ್ಮ ಅವನ ಒಂದು ಕತೆ ಹಾಕಿಕೊಳ್ಳುತ್ತಾಳೆ, ಬೇರೆಯವರ ಮನೆಗಳಲ್ಲಿ ಹಾಡು ಹಾಕಿಕೊಳ್ಳುತ್ತಾರಲ್ಲ, ಹಾಗೆ.

“ನಿಮ್ಮಪ್ಪ ತೊದಲ್ತಾ ಇದಾನೆ,” ಎಂದು ಅಮ್ಮ ಕೈಯಲ್ಲಿ ಹೇಳಿದಳು. ಕೈಮಾತನ್ನು ಹೀಗೆ ಅಕ್ಷರದಲ್ಲಿ ಬರೆದರೆ ಅರ್ಧ ಸೋರಿಹೋಗುತ್ತದೆ. ಬೇರೆ ದಾರಿ ಇಲ್ಲ, ಬರೆಯುತ್ತೇನೆ.

ಅಪ್ಪ ತೊದಲುವುದೇ? ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳಿಗೆ ಬಣ್ಣ ಬಳಿಯುತ್ತಿದ್ದ ಪುಟ್ಟಸ್ವಾಮಿ ಕತೆಗೆ ಕೂತನೆಂದರೆ ಮೈಸೂರಿನ ಕಿವಿ ಕೇಳದವರೆಲ್ಲ ಕಾಫಿ ಆರಲು ಬಿಟ್ಟು ನೋಡುತ್ತಿದ್ದರು. ಅವನ ಬೆರಳುಗಳು ಅಷ್ಟು ಚುರುಕು. ಅವತ್ತು ಹಾಕಿದ್ದು ಚಾಮುಂಡಿ ಬೆಟ್ಟದಲ್ಲಿ ಕೋತಿ ಅವನ ಕನ್ನಡಕ ಕದ್ದ ಕತೆ. ಕೋತಿ ಕನ್ನಡಕ ಏರಿಸಿಕೊಂಡು, ಬೆರಳಿಗೆ ಉಗುಳು ಹಚ್ಚಿ, ಪೇಪರಿನ ಹಾಳೆ ತಿರುವುವ ಜಾಗ ಬರಬೇಕು. ಬಂತು. ಆದರೆ ಅಲ್ಲಿ ಅಪ್ಪನ ಕೈಗಳಿಗೆ ಬೆರಳುಗಳೇ ಇರಲಿಲ್ಲ. ಮಣಿಕಟ್ಟಿನಿಂದಾಚೆ ಬೂದು ಬಣ್ಣದ ಹತ್ತಿಯ ಹಂಜಿ. ಅದು ಒಮ್ಮೆ ಮೇಲೆ ಹಾರಿತು, ನಿಂತಿತು, ಇನ್ನೊಂದು ಕಡೆ ಕಾಣಿಸಿಕೊಂಡಿತು. ಮುಖ ಮಾತ್ರ ನಗುತ್ತಲೇ ಇತ್ತು.

ನಾನು ವಿಡಿಯೋದ ವಿವರ ತೆಗೆದು ನೋಡಿದೆ. ಕೆಳಗೆ ಸಣ್ಣದಾಗಿ ಬರೆದಿತ್ತು: ‘ವರ್ಗ: ನಿರ್ಜನ. ಹಿಂಡಲಾಗಿದೆ. ಮೂಲ ಅಳಿಸಲಾಗಿದೆ.’ ನನ್ನ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಆ ಹಿಂಡುವ ಆಫೀಸಿನಲ್ಲೇ ನನಗೆ ಸಂಬಳ.

ನಂಜನಗೂಡು ರಸ್ತೆಯಲ್ಲಿ ಕಿಟಕಿಯಿಲ್ಲದ ಉದ್ದನೆಯ ಬಿಳಿ ಕಟ್ಟಡ ಇದೆಯಲ್ಲ, ಅದು ದೃಶ್ಯ ಭಂಡಾರ. ಮನೆಯಲ್ಲಿ ವಿಡಿಯೋ ಇಟ್ಟುಕೊಳ್ಳುವ ಕಾಲ ಮುಗಿದು ಎಷ್ಟೋ ದಿನವಾಯಿತು; ಇಟ್ಟುಕೊಳ್ಳುವ ಪೆಟ್ಟಿಗೆಗಳನ್ನೇ ಈಗ ಯಾರೂ ಮಾರುವುದಿಲ್ಲ. ಎಲ್ಲರ ಮದುವೆ, ನಾಮಕರಣ, ಮಗು ಮೊದಲು ನಡೆದದ್ದು, ಎಲ್ಲ ಭಂಡಾರದಲ್ಲೇ. ಆ ಯಂತ್ರಗಳು ಕಾಯುತ್ತವೆ, ತಣ್ಣಗಿಡಲು ನೀರು ಬೇಕು. ಕಬಿನಿಯ ನೀರು ಜನಕ್ಕೋ ಜನರ ನೆನಪಿಗೋ ಎಂದು ಒಂದು ಬೇಸಿಗೆಯಲ್ಲಿ ದೊಡ್ಡ ಜಗಳವೇ ಆಯಿತು. ಆಮೇಲೆ ಕಾನೂನು ಬಂತು: ಹಳೆಯ ವಿಡಿಯೋಗಳನ್ನೆಲ್ಲ ಹಿಂಡಿ ಚಿಕ್ಕದು ಮಾಡಬೇಕು. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಮರುಸಂಕೇತನ ಎಂದು ಹೆಸರು. ನಾವು ಹಿಂಡುವುದು ಎನ್ನುತ್ತೇವೆ.

ಹಿಂಡುವ ವಿದ್ಯೆ ಕೆಟ್ಟದ್ದಲ್ಲ. ವಿಡಿಯೋ ಎಂದರೆ ಬೇಗಬೇಗ ಬದಲಾಗುವ ಫೋಟೋಗಳ ಸಾಲು. ಒಂದನ್ನು ಪೂರ್ತಿ ಇಟ್ಟು, ಮುಂದಿನದರಲ್ಲಿ ಏನು ಬದಲಾಯಿತೋ ಅಷ್ಟನ್ನು ಬರೆದುಕೊಂಡರೆ ಸಾಕು. ಮದುವೆ ಮಂಟಪದ ಹಿಂದಿನ ಪರದೆ ಬೆಳಗಿನಿಂದ ಅಲ್ಲಾಡುವುದಿಲ್ಲ, ಅದನ್ನು ಸಾವಿರ ಸಲ ಯಾಕೆ ಬರೆಯಬೇಕು? ಆಮೇಲೆ ಕಣ್ಣು ಗಮನಿಸದ ಸೂಕ್ಷ್ಮ ಬಣ್ಣಗಳನ್ನು ಬಿಡುವುದು. ಇನ್ನೂ ಚಿಕ್ಕದಾಗಬೇಕೆಂದರೆ ನಡುನಡುವಿನ ಫೋಟೋಗಳನ್ನೇ ಕಿತ್ತುಹಾಕಿ, ನೋಡುವಾಗ ಯಂತ್ರ ಊಹಿಸಿ ತುಂಬಿಕೊಳ್ಳಲಿ ಎಂದು ಬಿಡುವುದು. ಗೇಟಿನ ಮುಂದೆ ಮಲಗಿದ ನಾಯಿಯನ್ನು ಯಂತ್ರ ಚೆನ್ನಾಗಿಯೇ ಊಹಿಸುತ್ತದೆ. ಕತೆ ಹೇಳುವ ಬೆರಳುಗಳನ್ನು ಅದರಪ್ಪನಾಣೆಗೂ ಊಹಿಸಲಾರದು.

ಯಾವುದನ್ನು ಎಷ್ಟು ಹಿಂಡಬೇಕು ಎಂದು ಹೇಳುವುದು ವರ್ಗ. ಗುಣಮಟ್ಟ ವಿಭಾಗದಲ್ಲಿ ಕೂತು ನಾನು ನೋಡುತ್ತಿದ್ದುದು ಮದುವೆ, ಭಾಷಣ, ಹುಟ್ಟುಹಬ್ಬಗಳನ್ನು. ಎಲ್ಲಕ್ಕಿಂತ ಹೆಚ್ಚು ಹಿಂಡುವ ‘ನಿರ್ಜನ’ ನನ್ನ ಮೇಜಿಗೆ ಬರುತ್ತಲೇ ಇರಲಿಲ್ಲ, ಅದನ್ನು ಯಾರೂ ನೋಡುವುದೇ ಇಲ್ಲ. ಮಾರನೆಯ ಬೆಳಿಗ್ಗೆ ಬ್ಯಾಗನ್ನೂ ಇಳಿಸದೆ ನಿಯಂತ್ರಣ ಕೊಠಡಿಗೆ ನುಗ್ಗಿದೆ. ಮುಖ್ಯ ಇಂಜಿನಿಯರ್ ವಾದಿರಾಜ್ ಕಾಫಿ ಲೋಟ ಹಿಡಿದು ಗೋಡೆತುಂಬ ಮಿನುಗುವ ವರ್ಗಗಳ ಬಣ್ಣ ನೋಡುತ್ತಿದ್ದರು. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ.

“ಸರ್, ನಿರ್ಜನ ಅಂದ್ರೆ ಯಾವುದು?”

“ಗೊತ್ತಿರೋದೇ ಅಲ್ವಾ ಪದ್ಮಿನಿ. ಗೇಟು, ಕಾರಿಡಾರು, ದನದ ಕೊಟ್ಟಿಗೆ. ಜನ ಇಲ್ಲದ್ದು.”

“ನಮ್ಮಪ್ಪ ಕೊಟ್ಟಿಗೇಲಿ ಕಟ್ಟಿಹಾಕಿದ ಹಾಗೆ ಕಾಣ್ತಾರಾ ನಿಮಗೆ?” ಎಂದು ಅಪ್ಪನ ವಿಡಿಯೋವನ್ನು ಅವರ ಪರದೆಗೇ ಹಾಕಿದೆ.

ವಾದಿರಾಜ್ ಲೋಟ ಕೆಳಗಿಟ್ಟು ನೋಡಿದರು. ಆಮೇಲೆ ಮೆತ್ತಗೆ ವಿವರಿಸಿದರು. ಕೋಟಿಗಟ್ಟಲೆ ವಿಡಿಯೋಗಳ ಚಿತ್ರವನ್ನು ಪರೀಕ್ಷಿಸಲು ಕರೆಂಟು ಬಹಳ ಬೇಕು. ದನಿ ಪರೀಕ್ಷಿಸಲು ಸ್ವಲ್ಪ ಸಾಕು. ಅದಕ್ಕೇ ಯಂತ್ರ ಮೊದಲು ದನಿ ಕೇಳುತ್ತದೆ. ಮಾತು ಇದ್ದರೆ ಜನ ಇದ್ದಾರೆ, ಇಲ್ಲದಿದ್ದರೆ ಇಲ್ಲ. ನಮ್ಮವರ ವಿಡಿಯೋಗಳಲ್ಲಿ ದನಿಯೇ ಇರುವುದಿಲ್ಲ. ಮೈಕು ಯಾಕೆ ಸುಮ್ಮನೆ ಎಂದು ಅವರು ಮೊದಲೇ ಆಫ್ ಮಾಡಿಬಿಡುತ್ತಾರೆ.

“ನೂರಾರು ಜನಕ್ಕೆ ತೋರಿಸಿ ಪರೀಕ್ಷೆ ಮಾಡಿದೀವಮ್ಮ. ವ್ಯತ್ಯಾಸ ಗೊತ್ತೇ ಆಗಲ್ಲ ಅಂದ್ರು.”

“ಅವರಲ್ಲಿ ಕೈಮಾತು ಬರೋರು ಎಷ್ಟು ಜನ ಇದ್ರು?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಷ್ಟ ಮಿತಿಯೊಳಗೇ ಇದೆ ಪದ್ಮಿನಿ.”

“ಯಾರ ಮಿತಿ ಸರ್? ನಿಮ್ಮ ಮಗಳ ಮದುವೆ ವಿಡಿಯೋದಲ್ಲಿ ಎಲ್ಲರ ಬಾಯಿಗೂ ಹತ್ತಿ ತುರುಕಿ, ಮಿತಿಯೊಳಗಿದೆ ಅಂತ ಕೊಡ್ಲಾ?”

ಅವರಿಗೆ ಸಿಟ್ಟು ಬರಲಿಲ್ಲ, ಅದಕ್ಕೆ ನನಗೆ ಇನ್ನೂ ಸಿಟ್ಟು ಬಂತು. ನಿಯಮ ಬದಲಿಸಲು ಸಮಿತಿ ಕೂರಬೇಕು, ಸಮಿತಿ ಕೂರುವುದು ಮಳೆಗಾಲ ಕಳೆದ ಮೇಲೆ ಎಂದರು. ಅಪ್ಪನ ಕೋತಿ ಕತೆ ಹೋದದ್ದು ಬರೀ ಪ್ರಯೋಗದ ಸುತ್ತಿನಲ್ಲಿ. ನಿರ್ಜನ ವರ್ಗದ ಉಳಿದದ್ದೆಲ್ಲ ಸೋಮವಾರ ಬೆಳಿಗ್ಗೆ ಹಿಂಡಲು ಹೋಗುತ್ತದೆ. ದೂರು ಕೊಡಬಹುದೇ ಎಂದು ಕೇಳಿದೆ. ಕೊಡಬಹುದಂತೆ, ಮಾಲೀಕರೇ ಫೋನ್ ಮಾಡಿ ತಮ್ಮ ಬಾಯಲ್ಲಿ ಹೇಳಬೇಕಂತೆ. ಅದನ್ನು ಹೇಳುತ್ತಾ ಹೇಳುತ್ತಾ ಅವರೇ ತಲೆ ತಗ್ಗಿಸಿದರು.

ನಾನು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಹೇಳಿದರು: “ಸೋಮವಾರದವರೆಗೆ ಮಾಲೀಕರು ತಮ್ಮ ಹಳೇ ವಿಡಿಯೋಗೆ ಹೊಸದಾಗಿ ದನಿ ಸೇರಿಸಬಹುದು. ಅಜ್ಜಿಯರೆಲ್ಲ ಮದುವೆ ವಿಡಿಯೋಗೆ ‘ಇವನು ನಮ್ಮ ಷಡ್ಡಕ’ ಅಂತ ಹೇಳಿ ಸೇರಿಸ್ತಾರಲ್ಲ, ಅದು. ಮಾತಿನ ದನಿ ಇದ್ರೆ ಯಂತ್ರ ನಿರ್ಜನಕ್ಕೆ ಹಾಕಲ್ಲ. ನಾನೇನೂ ಹೇಳಿಲ್ಲ.”

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಪ್ಪನ ಎಲ್ಲ ಕತೆಗಳೂ ನಿರ್ಜನದಲ್ಲೇ ಇದ್ದವು. ಹೆಣ್ಣು ನೋಡಲು ಬಂದ ದಿನದ ಕತೆಯೂ. ಆ ಕತೆಯಲ್ಲಿ ಎರಡೂ ಕಡೆಯ ಹಿರಿಯರು ಜಮಖಾನದ ಮೇಲೆ ಕೂತು ಒಂದೇ ಸಮನೆ ಮಾತಾಡುತ್ತಿರುತ್ತಾರೆ; ಕಾಫಿ ತಟ್ಟೆ ಹಿಡಿದ ಅಮ್ಮ, ಕಂಬಕ್ಕೆ ಒರಗಿದ ಅಪ್ಪ, ಅವರ ತಲೆಗಳ ಮೇಲಿಂದಲೇ ಕೈಯಲ್ಲಿ ಎಲ್ಲ ತೀರ್ಮಾನ ಮಾಡಿಕೊಂಡು, ಮನೆ ಎಲ್ಲಿ ಮಾಡಬೇಕು ಎನ್ನುವವರೆಗೆ ಹೋಗಿರುತ್ತಾರೆ. ಹಿರಿಯರು ಇನ್ನೂ ಊರು ಯಾವುದು ಎನ್ನುತ್ತಿರುತ್ತಾರೆ. ಅಮ್ಮ ಆ ಕತೆಯನ್ನು ಎಷ್ಟು ಸಲ ನೋಡಿದ್ದಾಳೋ ದೇವರಿಗೇ ಗೊತ್ತು. ಕೈಮಾತಿಗೆ ಲಿಪಿಯಿಲ್ಲ. ವಿಡಿಯೋ ಹೋದರೆ ಅಪ್ಪನ ಮಾತು ಪೂರ್ತಿ ಹೋದ ಹಾಗೆ. ಕಿವಿ ಕೇಳದವರ ನಮ್ಮ ಸಂಘ ಇದೆಯಲ್ಲ, ಅಲ್ಲಿಯವರೆಲ್ಲರ ಮಾತೂ ಅಷ್ಟೇ.

“ನಾನು ಕೂತ್ಕೊಂಡು ಎಲ್ಲಾದಕ್ಕೂ ದನಿ ಕೊಡ್ತೀನಿ. ಅವನು ಹೇಳಿದ್ದನ್ನೇ ಬಾಯಲ್ಲಿ ಹೇಳ್ತೀನಿ,” ಎಂದೆ.

ಅಮ್ಮ ಕತ್ತರಿ ಕೆಳಗಿಟ್ಟಳು. “ಅವನ ಕೈ ಮೇಲೆ ನಿನ್ನ ಬಾಯಿ ಕೂರಿಸ್ತೀಯಾ? ನಾಳೆ ನೋಡೋರೆಲ್ಲ ನಿನ್ನ ಕೇಳ್ತಾರೆ. ಅವನನ್ನ ಯಾರು ನೋಡ್ತಾರೆ?”

“ಅಮ್ಮ, ಇದು ಜಗಳ ಆಡೋ ಹೊತ್ತಲ್ಲ.”

“ಜಗಳಕ್ಕೆ ಹೊತ್ತು ಬೇರೆ ಇದೆಯಾ? ಬ್ಯಾಂಕಿಗೆ ಹೋದ್ರೆ ನಿನ್ನ ಬಾಯಿ, ಆಸ್ಪತ್ರೆಗೆ ಹೋದ್ರೆ ನಿನ್ನ ಬಾಯಿ. ಅವನು ಸತ್ತ ದಿನ ಬಂದೋರಿಗೆಲ್ಲ ನೀನೇ ಹೇಳಿದೆ, ನಾನು ಗೊಂಬೆ ಹಾಗೆ ಕೂತಿದ್ದೆ. ಕತೆಗಾದ್ರೂ ಬೇಡ.” ಇಷ್ಟು ಹೇಳಿ, ಎರಡು ಬೆರಳಿನಿಂದ ಮೂಗಿನ ತುದಿ ಮುಟ್ಟಿಕೊಂಡಳು. ಅದು ಕೈಮಾತಿನಲ್ಲಿ ನನ್ನ ಹೆಸರು. ಮೂಗಿನ ತುದಿಯಲ್ಲೇ ಕೋಪ ಎಂದು ಅಪ್ಪ ಇಟ್ಟದ್ದು. ಆದರೆ ಆ ಕೋಪ ಯಾರ ಕಡೆಯಿಂದ ಬಂದದ್ದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರವೂ ನನಗೆ ಡ್ಯೂಟಿ ಹಾಕಿದರು. ಹೊಸ ಸುತ್ತು ಶುರುವಾಗುವ ಮುಂಚೆ ಹಾಗೆಯೇ. ಅಮ್ಮ ಬೆಳಿಗ್ಗೆ ಎಂದಿಗಿಂತ ಚೆನ್ನಾಗಿ ತಿಂಡಿ ಕೊಟ್ಟು, ಬೇಗ ಹೊರಡು ಎಂದು ದಬ್ಬಿದಳು. ಏನೋ ಹೂಡಿದ್ದಾಳೆ ಎಂದು ಅಲ್ಲೇ ತಿಳಿಯಬೇಕಿತ್ತು. ಮಧ್ಯಾಹ್ನ ಡ್ಯೂಟಿ ಮುಗಿಸಿ ನೇರ ಸಂಘಕ್ಕೆ ಹೋದೆ.

ನಮ್ಮ ಸಂಘ ಲಷ್ಕರ್ ಮೊಹಲ್ಲಾದಲ್ಲಿ, ಮಾದಪ್ಪನವರ ಹಿಟ್ಟಿನ ಮಿಲ್ಲಿನ ಮೇಲೆ. ಮಿಲ್ಲು ಶುರುವಾದರೆ ಮಾಳಿಗೆಯ ನೆಲ, ಗೋಡೆ, ಬೆಂಚು ಎಲ್ಲ ನಡುಗುತ್ತವೆ. ಆ ಗಲಾಟೆಗೆ ಬೇರೆ ಯಾರೂ ಅಲ್ಲಿ ಬಾಡಿಗೆಗೆ ನಿಲ್ಲಲಿಲ್ಲ. ನಮ್ಮವರಿಗೆ ಅದರಿಂದ ತೊಂದರೆಯೇ ಇಲ್ಲವಲ್ಲ. ಮಾದಪ್ಪನವರು ನಮ್ಮವರನ್ನು ‘ಪಾಪ, ಮೂಗರು, ತುಂಬಾ ಒಳ್ಳೆ ಬಾಡಿಗೆದಾರರು, ಒಂದು ಸದ್ದಿಲ್ಲ’ ಎಂದು ಎಲ್ಲರ ಹತ್ತಿರ ಹೊಗಳುತ್ತಾರೆ. ಕೇಳಿದಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತದೆ.

ಮೆಟ್ಟಿಲು ಹತ್ತಿ ನೋಡಿದರೆ ಹಾಲ್ ತುಂಬ ಜನ. ನಡುವೆ ಒಂದು ಮೇಜು, ಮೇಜಿನ ಮೇಲೆ ಒಂದು ಹಳೆಯ ರೇಡಿಯೋ, ಅದಕ್ಕೆ ಹೂವಿನ ಹಾರ ಬೇರೆ. ಸುತ್ತಲೂ ಎಲ್ಲರ ಫೋನುಗಳು, ಮೈಕುಗಳು ರೇಡಿಯೋ ಕಡೆ ತಿರುಗಿ ಕೂತಿದ್ದವು. ಸಂಘದ ಕಾರ್ಯದರ್ಶಿ ಇನಾಯತ್ ಸಾಹೇಬರು, ಗಡಿಯಾರ ರಿಪೇರಿಯವರು, ನನ್ನನ್ನು ಕಂಡು ಎದೆ ಉಬ್ಬಿಸಿದರು.

“ಎಲ್ಲಾ ಮುಗೀತು ಮಗಳೇ,” ಎಂದರು ಕೈಯಲ್ಲಿ. “ಬೆಳಿಗ್ಗೆಯಿಂದ ಎಲ್ಲರ ವಿಡಿಯೋಗೂ ಮಾತು ಸೇರಿಸಿದೀವಿ. ರೇಡಿಯೋದಲ್ಲಿ ಯಾವಾಗ್ಲೂ ಯಾರೋ ಮಾತಾಡ್ತಾ ಇರ್ತಾರಂತಲ್ಲ. ನಿನಗೆ ಆಫೀಸಲ್ಲಿ ತೊಂದರೆ ಆಗಬಾರದು ಅಂತ ನಿಮ್ಮಮ್ಮ ಹೇಳೋದು ಬೇಡ ಅಂದ್ಲು.”

ಅಮ್ಮ ಪಕ್ಕದಲ್ಲಿ ನಿಂತು, ಗೆದ್ದವಳ ಹಾಗೆ ನೋಡುತ್ತಿದ್ದಳು. ನಾನು ಕಿವಿಗೊಟ್ಟೆ. ಕೆಳಗೆ ಮಿಲ್ಲು ಧಡಧಡ ಹೊಡೆದುಕೊಳ್ಳುತ್ತಿತ್ತು. ರೇಡಿಯೋ ಹತ್ತಿರ ಬಗ್ಗಿದೆ. ಅದರ ಹಸಿರು ದೀಪ ಉರಿಯುತ್ತಿತ್ತು. ದನಿಯ ಗುಂಡಿ ಸೊನ್ನೆಯಲ್ಲಿತ್ತು.

“ಇದು ಮಾತಾಡ್ತಿದೆ ಅಂತ ಹೇಗೆ ಗೊತ್ತಾಯ್ತು?” ಎಂದು ಕೇಳಿದೆ.

ಇನಾಯತ್ ಸಾಹೇಬರು ಏನು ಪೆದ್ದು ಹುಡುಗಿ ಎಂಬಂತೆ ನೋಡಿ, ನನ್ನ ಅಂಗೈ ಹಿಡಿದು ರೇಡಿಯೋ ಮೇಲೆ ಇಟ್ಟರು. ರೇಡಿಯೋ ಗಡಗಡ ನಡುಗುತ್ತಿತ್ತು. ಮೇಜೂ ನಡುಗುತ್ತಿತ್ತು. ಬೆಳಿಗ್ಗೆಯಿಂದ ಅಷ್ಟೂ ಜನ ಸರದಿಯಲ್ಲಿ ಬಂದು ಕೈಯಿಟ್ಟು, ಆಹಾ ಎಷ್ಟು ಚೆನ್ನಾಗಿ ಮಾತಾಡುತ್ತಿದೆ ಎಂದು ಒಪ್ಪಿಕೊಂಡು ಹೋಗಿದ್ದರು. ಮೈಸೂರಿನ ಕಿವಿ ಕೇಳದವರ ಸಮಸ್ತ ಕತೆ, ಹರಟೆ, ಮದುವೆ ಮಾತುಕತೆಯ ಮೇಲೆ ಮಾದಪ್ಪನವರ ರಾಗಿ ಬೀಸಿದ ಸದ್ದು ಕೂತಿತ್ತು.

ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಅಳು ಬಂದುಬಿಟ್ಟಿತು. ನಾಳೆ ಬೆಳಿಗ್ಗೆ ಯಂತ್ರ ಇದನ್ನು ಕೇಳಿ ‘ಗಿರಣಿಯ ಸದ್ದು, ನಿರ್ಜನ’ ಎಂದು ಬರೆದು ಎಲ್ಲರ ಬೆರಳನ್ನೂ ಹಂಜಿ ಮಾಡುತ್ತದೆ. ಕಣ್ಣೊರೆಸಿಕೊಂಡು ಎಲ್ಲರಿಗೂ ಕಾಣುವ ಹಾಗೆ ಬೆಂಚು ಹತ್ತಿ ಹೇಳಿದೆ. ಹಾಲಿನಲ್ಲಿ ಒಂದು ಕೈಯೂ ಅಲ್ಲಾಡಲಿಲ್ಲ. ಇನಾಯತ್ ಸಾಹೇಬರು ಹಾರವನ್ನು ಮೆಲ್ಲಗೆ ತೆಗೆದಿಟ್ಟರು.

ಯಾರೋ ಕೇಳಿದರು, ಈಗ ಗುಂಡಿ ಜೋರು ಮಾಡಿ ಮತ್ತೆ ಸೇರಿಸೋಣವೇ ಎಂದು. ಅದೂ ಆಗದು ಎಂದು ವಿವರಿಸಬೇಕಾಯಿತು. ರೇಡಿಯೋದಲ್ಲಿ ಬಂದದ್ದೆಲ್ಲ ಭಂಡಾರದಲ್ಲಿ ಆಗಲೇ ಒಂದು ಪ್ರತಿ ಇರುತ್ತದೆ. ಒಂದೇ ದನಿ ಎರಡು ಕಡೆ ಸಿಕ್ಕರೆ ಯಂತ್ರ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಕಿತ್ತುಹಾಕುತ್ತದೆ. ಆಮೇಲೆ ಉಳಿಯುವುದು ಮತ್ತೆ ಮೌನ, ಮತ್ತೆ ನಿರ್ಜನ.

“ಹಾಗಾದ್ರೆ ಎಂಥ ದನಿ ಬೇಕು?” ಎಂದಳು ಅಮ್ಮ.

“ಎಲ್ಲೂ ಇಲ್ಲದ ದನಿ ಬೇಕು. ಯಾರೂ ಇನ್ನೂ ರೆಕಾರ್ಡ್ ಮಾಡಿರದ್ದು. ಅಮ್ಮ, ಹಟ ಬಿಡು. ನಾನು ಹೇಳ್ತೀನಿ. ಸಿಕ್ಕಷ್ಟು ಉಳಿಸೋಣ.”

ಅಮ್ಮ ತನ್ನ ಗಂಟಲಿನ ಮೇಲೆ ಅಂಗೈ ಇಟ್ಟುಕೊಂಡಳು.

ನಮ್ಮಮ್ಮನಿಗೆ ದನಿ ಇದೆ. ಎಲ್ಲ ಕಿವುಡರಿಗೂ ಇರುತ್ತದೆ. ಅದು ಹೇಗೆ ಕೇಳಿಸುತ್ತದೆ ಎಂದು ಅವರಿಗೆ ಗೊತ್ತಿರುವುದಿಲ್ಲ, ಅಷ್ಟೆ. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಅಮ್ಮ ಹಣೆ ಮುಟ್ಟಿ ‘ಪಮ್ಮೀ’ ಎನ್ನುತ್ತಿದ್ದಳು. ಮೂಗಿನಿಂದ ಹೊರಟು ಗಂಟಲಲ್ಲಿ ಒಡೆಯುವ ಒರಟು ದನಿ. ನನಗೆ ಅದಕ್ಕಿಂತ ಹಿತವಾದದ್ದು ಇನ್ನೊಂದಿರಲಿಲ್ಲ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಕೈ ಬಿಡಿಸಿಕೊಂಡು ಓಡಿದಾಗ ಹಾಗೆಯೇ ಕರೆದಳು. ಇಡೀ ಸ್ಟ್ಯಾಂಡು ತಿರುಗಿ ನೋಡಿತು. ಒಬ್ಬ ಅವಳ ಹಾಗೆಯೇ ಕೂಗಿ ಅಣಕಿಸಿದ, ಸುತ್ತಲಿದ್ದವರು ನಕ್ಕರು. ಅಮ್ಮನಿಗೆ ಕೂಗು ಕೇಳಲಿಲ್ಲ, ಆದರೆ ನಗುವ ಬಾಯಿಗಳು ಕಾಣುತ್ತವಲ್ಲ. ಅಂದಿನಿಂದ ಅವಳು ಹೊಸಿಲು ದಾಟಿದ ಮೇಲೆ ತುಟಿ ತೆರೆದದ್ದನ್ನು ನಾನು ಕಂಡಿಲ್ಲ. ಆ ಹಾಲಿನಲ್ಲಿದ್ದ ಪ್ರತಿಯೊಬ್ಬರಿಗೂ ಇಂಥದ್ದೊಂದು ಬಸ್ ಸ್ಟ್ಯಾಂಡು ಇತ್ತು.

“ನನ್ನ ದನಿ ಎಲ್ಲೂ ಇಲ್ಲ,” ಎಂದಳು ಅಮ್ಮ ಕೈಯಲ್ಲಿ. “ಯಾರೂ ಇಟ್ಕೊಂಡಿಲ್ಲ. ಹೌದು ತಾನೆ?”

“ಅಮ್ಮ, ಯಂತ್ರ ಅದನ್ನ ಮಾತು ಅಂತ ಒಪ್ಪುತ್ತೋ ಇಲ್ವೋ ನನಗೆ ಗೊತ್ತಿಲ್ಲ.”

“ಒಪ್ಪದೆ ಇದ್ರೆ ನಷ್ಟ ಅದಕ್ಕೆ,” ಎಂದು ಅಮ್ಮ ಫೋನು ಎಳೆದುಕೊಂಡು ಕೂತಳು.

ಹೆಣ್ಣು ನೋಡಿದ ದಿನದ ಕತೆ ಹಾಕಿದಳು. ಪರದೆಯಲ್ಲಿ ಅಪ್ಪ ಕೈ ಎತ್ತಿದ. ಅಮ್ಮ ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು. ಅವಳು ಗಂಟಲಿಗೆ ಕೈಯೊತ್ತಿ ಇನ್ನೊಮ್ಮೆ ತಳ್ಳಿದಳು. ಆಗ ಆ ಹಳೆಯ ದನಿ ಹೊರಬಿತ್ತು. ಅಪ್ಪನ ಕೈ ಮೇಲೇರಿದರೆ ದನಿ ಏರುತ್ತಿತ್ತು, ಅಪ್ಪ ಹಿರಿಯರ ಹಾಗೆ ಮೀಸೆ ತಿರುವಿದರೆ ದನಿ ದಪ್ಪವಾಗಿ ಉರುಳುತ್ತಿತ್ತು, ಕಾಫಿ ತಟ್ಟೆ ಬಂದಾಗ ಅವಳು ನಕ್ಕ ನಗುವೂ ಅದರಲ್ಲೇ ಸೇರಿತು. ಒಂದು ಅಕ್ಷರವೂ ಇರಲಿಲ್ಲ. ಆದರೆ ಕತೆ ಗೊತ್ತಿದ್ದ ನನಗೆ ಒಂದೊಂದು ಸಾಲೂ ತಿಳಿಯುತ್ತಿತ್ತು.

ಇನಾಯತ್ ಸಾಹೇಬರು ಸ್ವಲ್ಪ ಹೊತ್ತು ಅಮ್ಮನ ಗಂಟಲಿನ ನರ ನೋಡುತ್ತಿದ್ದು, ಗಡ್ಡ ನೇವರಿಸಿಕೊಂಡು, ತಮ್ಮ ಫೋನು ತೆಗೆದು ಮೂಲೆಗೆ ಹೋದರು. ಅವರ ದನಿ ಎಮ್ಮೆಯ ಕರುವಿನದು. ಹೇಳಿದರೆ ಅವರೇ ನಗುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಆಮೇಲೆ ಒಬ್ಬೊಬ್ಬರೇ ಗೋಡೆಯ ಬದಿಗೆ, ಕಿಟಕಿಗೆ, ಮೆಟ್ಟಿಲಿಗೆ ಹೋಗಿ ಕೂತರು. ಜೀವಮಾನವೆಲ್ಲ ಬಾಯಿ ಹೊಲಿದುಕೊಂಡಿದ್ದ ಜನ ತಮ್ಮ ತಮ್ಮ ಕತೆಗೆ ತಾವೇ ದನಿ ಕೊಡತೊಡಗಿದರು. ಮಿಲ್ಲಿನ ಸದ್ದನ್ನೂ ಮೀರಿ ಆ ಮಾಳಿಗೆ ಮೊಳಗಿತು.

ಆಗ ಮೈಯೆಲ್ಲ ಹಿಟ್ಟಾಗಿದ್ದ ಮಾದಪ್ಪನವರು ಧಾವಿಸಿ ಬಂದರು. “ಏನ್ರವ್ವಾ ಇದು ಗಲಾಟೆ? ಕೆಳಗೆ ಗಿರಾಕಿಗಳು ಹೆದ್ರುಕೊಂಡವ್ರೆ. ಏನಾಯ್ತು ಇವ್ರಿಗೆಲ್ಲ?”

“ಏನೂ ಆಗಿಲ್ಲ. ಮಾತಾಡ್ತಾ ಇದಾರೆ,” ಎಂದೆ.

“ಇವ್ರು ಮಾತಾಡ್ತಾರಾ?”

“ನೀವು ಬಾಡಿಗೆಗೆ ಕೊಟ್ಟ ದಿನದಿಂದ ಮಾತಾಡ್ತಾನೇ ಇದಾರೆ. ಈಗ ನಿಮ್ಮ ಮಿಲ್ಲಿನ ಗಲಾಟೆ ಅಡ್ಡ ಬರ್ತಿದೆ. ಸ್ವಲ್ಪ ನಿಲ್ಸಿ.”

ಮಾದಪ್ಪನವರು ಬಾಗಿಲಲ್ಲಿ ನಿಂತು ಅಮ್ಮನನ್ನು, ಇನಾಯತ್ ಸಾಹೇಬರನ್ನು ಒಂದಷ್ಟು ಹೊತ್ತು ನೋಡಿದರು. ಏನನ್ನಿಸಿತೋ, ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಕೆಳಗಿಳಿದರು. ಸ್ವಲ್ಪ ಹೊತ್ತಿಗೆ ನೆಲದ ನಡುಕ ನಿಂತಿತು. ಕತ್ತಲಾಗುವವರೆಗೂ ಗಿರಾಕಿಗಳು ರಾಗಿ ಡಬ್ಬ ಹಿಡಿದು ಕೆಳಗೆ ಕಾಯುತ್ತಾ ನಿಂತಿದ್ದರಂತೆ.

ಸೋಮವಾರ ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ನಾನು ಕೂರಲಿಲ್ಲ, ನಿಂತೇ ಇದ್ದೆ. ನಿರ್ಜನದ ಬೂದು ಬಣ್ಣ ಗೋಡೆಯ ಮೇಲೆ ಉದ್ದಕ್ಕೆ ಹರಿಯುತ್ತಿತ್ತು: ಗೇಟು, ಕಾರಿಡಾರು, ಕೊಟ್ಟಿಗೆ. ಸಂಘದ ವಿಡಿಯೋಗಳ ಸರದಿ ಬಂತು. ಒಂದೊಂದು ವಿಡಿಯೋಗೆ ಒಂದೊಂದು ಚೌಕ; ಅಪ್ಪನ ಕತೆಯದು ಬಂದಾಗ ಬೂದಾಗಿಯೇ ಇತ್ತು. ಆಮೇಲೆ ಚೌಕ ಹಳದಿಗೆ ತಿರುಗಿ ನಿಂತಿತು. ಕೆಳಗೆ ಬರೆದಿತ್ತು: ‘ಮನುಷ್ಯ ದನಿ. ಭಾಷೆ ಗುರುತಾಗಲಿಲ್ಲ. ತಡೆಹಿಡಿಯಲಾಗಿದೆ.’ ಅದರ ಹಿಂದೆ ಇನ್ನೊಂದು ಹಳದಿ, ಮತ್ತೊಂದು ಹಳದಿ.

ಭಂಡಾರ ಶುರುವಾದಾಗ ಕಾಡಂಚಿನ ಸಣ್ಣ ಭಾಷೆಗಳಿಗಾಗಿ ಒಂದು ನಿಯಮ ಮಾಡಿದ್ದರು. ಯಂತ್ರಕ್ಕೆ ತಿಳಿಯದ ಭಾಷೆ ಸಿಕ್ಕರೆ ಸಮಿತಿ ನೋಡುವವರೆಗೆ ಮುಟ್ಟಬಾರದು. ಯಾರೂ ಬಳಸದೆ ಎಲ್ಲರೂ ಮರೆತಿದ್ದ ನಿಯಮ. ವಾದಿರಾಜ್ ಹೆಡ್‌ಫ಼ೋನ್ ಏರಿಸಿಕೊಂಡು ಅಮ್ಮನ ದನಿ ಕೇಳಿದರು. ಹುಬ್ಬು ಗಂಟಿಕ್ಕಿತು.

“ಪದ್ಮಿನಿ, ಇದು ಮಾತಾ?”

“ಹೌದು.”

“ಯಾವ ಭಾಷೆ ಅಂತ ಮೇಲಿನವರು ಕೇಳ್ತಾರೆ. ಇದನ್ನ ಹೀಗೇ ಬಿಟ್ರೆ ನಾನು ಉತ್ತರ ಕೊಡಬೇಕು. ನಿಯಮದ ಪ್ರಕಾರ ನಾನೇ ತಿದ್ದಿ ನಿರ್ಜನ ಅಂತ ಹಾಕೋಕೆ ಅಧಿಕಾರ ಇದೆ.”

“ಹಾಕಿ ಸರ್. ತಿದ್ದಬೇಕಾದ್ರೆ ಕಾರಣಾನ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಬೇಕಲ್ಲ, ಮಾಡಿ. ‘ಈ ಹೆಂಗಸಿನ ದನಿ ಕೇಳಿದೆ, ಈ ಗಂಡಸಿನ ಮುಖ ನೋಡಿದೆ, ಇಲ್ಲಿ ಜನ ಇಲ್ಲ’ ಅಂತ ಹೇಳಿ. ನಿಮ್ಮ ದನೀನೂ ಭಂಡಾರದಲ್ಲಿ ಉಳಿಯತ್ತೆ. ಅದನ್ನ ಮಾತ್ರ ಯಾರೂ ಹಿಂಡಲ್ಲ.”

ಅವರು ಮೈಕಿನ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತರು. ಕಿವಿಯಲ್ಲಿ ಅಮ್ಮ ಇನ್ನೂ ಕತೆ ಹೇಳುತ್ತಿದ್ದಳು. ಹೆಡ್‌ಫ಼ೋನಿನಿಂದ ಸ್ವಲ್ಪ ಸ್ವಲ್ಪ ನನಗೂ ಕೇಳಿಸುತ್ತಿತ್ತು. ಕಾಫಿ ತಟ್ಟೆಯ ಜಾಗ ಬಂತು, ಅಮ್ಮ ನಕ್ಕಳು. ವಾದಿರಾಜ್ ಬೆರಳು ತೆಗೆದರು.

“ಸಮಿತಿ ಕೂರೋವರೆಗೆ ಇರಲಿ,” ಎಂದರು. “ವಿಡಿಯೋ ನೋಡಿ ಪರೀಕ್ಷೆ ಮಾಡೋ ತಂಡಕ್ಕೆ ನಿಮ್ಮ ಸಂಘದಿಂದ ಜನ ಬರ್ತಾರಾ?”

“ಬರ್ತಾರೆ. ಸುಮ್ಮನೆ ಕೂರೋರು ಅಂತ ಮಾತ್ರ ತಿಳ್ಕೋಬೇಡಿ.”

ಕೋತಿಯ ಕತೆ ಹೋದದ್ದು ಹೋಯಿತು, ಅದು ಇನ್ನು ಬರುವುದಿಲ್ಲ. ಆ ನಷ್ಟಕ್ಕೆ ನಾನು ಯಾರನ್ನೂ ಕ್ಷಮಿಸಿಲ್ಲ. ಅಮ್ಮ ಅದನ್ನು ಈಗಲೂ ಹಾಕುತ್ತಾಳೆ. ಅಪ್ಪನ ಕೈ ಹಂಜಿಯಾಗುವ ಜಾಗ ಬಂದಾಗ ಸೂಜಿ ಕೆಳಗಿಟ್ಟು, ಬೆರಳಿಗೆ ಉಗುಳು ಹಚ್ಚಿ, ಪೇಪರು ತಾನೇ ತಿರುವುತ್ತಾಳೆ.

ಆ ಸೋಮವಾರ ಸಂಜೆ ಮನೆಗೆ ಬಂದು ಉಳಿಯಿತು ಎಂದೆ. ಅಮ್ಮ ಹೆಣ್ಣು ನೋಡಿದ ದಿನದ ಕತೆಯನ್ನು ಪೂರ್ತಿ ನೋಡಿದಳು. ಎಲ್ಲ ಬೆರಳುಗಳೂ ಇದ್ದವು. ಆಮೇಲೆ ನನ್ನ ಕಡೆ ತಿರುಗಿದಳು.

“ನನ್ನ ದನಿ ಹೇಗಿತ್ತು?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಒರಟು. ಬಹಳ ಜೋರು.”

“ಅವರ ಆಫೀಸಿನವರೆಗೆ ಕೇಳಿಸ್ತಾ?”

“ಕೇಳಿಸ್ತು.”

ಅಮ್ಮ ತಲೆಯಾಡಿಸಿ ರವಿಕೆಯ ತೋಳು ಹೊಲಿಯಲು ಕೂತಳು.

ಮಾರನೆಯ ಬೆಳಿಗ್ಗೆ ಎಂದಿನಂತೆ ತಡವಾಗಿ ಹೊರಟೆ. ಬೀದಿಯ ತಿರುವಿನವರೆಗೆ ಹೋಗಿದ್ದೆ. ಹಾಲಿನವನು, ಇಸ್ತ್ರಿ ಗಾಡಿಯವನು, ಶಾಲೆ ಬಸ್ಸಿಗೆ ಕಾಯುವ ತಾಯಂದಿರು, ಎಲ್ಲ ಇದ್ದರು. ಬೆನ್ನಿಗೆ ಗುದ್ದು ಬೀಳಲಿಲ್ಲ. ಹಿಂದಿನಿಂದ ಕೂಗು ಬಂತು, “ಪಮ್ಮೀ.”

ತಿರುಗಿದೆ. ಅಮ್ಮ ಗೇಟಿನಲ್ಲಿ ನಾನು ಮರೆತ ಊಟದ ಡಬ್ಬಿ ಎತ್ತಿ ಹಿಡಿದು ನಿಂತಿದ್ದಳು. ಇಡೀ ಬೀದಿ ಅವಳನ್ನು ನೋಡುತ್ತಿತ್ತು. ಅವಳೂ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಬಾಯಿ ಮುಚ್ಚಿಕೊಳ್ಳಲಿಲ್ಲ. ನಾನು ತಿರುಗಿದ್ದು ಅವಳಿಗೆ ಕಂಡೇ ಇತ್ತು, ಆದರೂ ಗಂಟಲಿಗೆ ಅಂಗೈ ಒತ್ತಿ, ಇನ್ನೊಂದು ಸಲ ಮೊದಲಿಗಿಂತ ಜೋರಾಗಿ ಕರೆದಳು.